ಪ್ಲೇಸ್ಟೇಷನ್ 2ಕ್ಕೆ ಯಾವ ಕೇಬಲ್ ತಂದೆ: ನನ್ನ ಅನುಭವ

ಅಂಗಡಿಗೆ ಹೋಗಿ "ಗೇಮ್ ಕೇಬಲ್ ಕೊಡಿ" ಅಂದರೆ ಕೆಂಪು, ಬಿಳಿ, ಹಳದಿ ತುದಿಗಳ ಕೇಬಲ್ ಕೈಗೆ ಬರುತ್ತದೆ. ಪ್ಲೇಸ್ಟೇಷನ್ 2ರ ಬಾಕ್ಸ್‌ನಲ್ಲಿ ಬರುತ್ತಿದ್ದದ್ದೂ ಅದೇ. ಹಳೇ ಡಬ್ಬಾ ಟಿವಿಗೆ ಅದು ಧಾರಾಳವಾಗಿ ಸಾಕಾಗಿತ್ತು. ಎಲ್‌ಇಡಿ ಟಿವಿಗೆ ಹಾಕಿದಾಗ ಮಾತ್ರ ಅಕ್ಷರಗಳ ಅಂಚು ನಡುಗುತ್ತಿತ್ತು, ಕೆಂಪು ಬಣ್ಣ ಪಕ್ಕಕ್ಕೆ ಹರಡುತ್ತಿತ್ತು. "2000ನೇ ಇಸವಿಯ ಮೆಷಿನ್, ಇನ್ನೇನು ಬರುತ್ತೆ" ಅಂದರು ಮನೆಯವರು. ಮೆಷಿನ್ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಆ ಹಳದಿ ವೈರ್‌ನಲ್ಲಿ.

ಅದು ಕಾಂಪೋಸಿಟ್. ಬೆಳಕು, ಬಣ್ಣ ಎರಡೂ ಒಂದೇ ವೈರ್‌ನಲ್ಲಿ ಕಲಸಿಕೊಂಡು ಬರುತ್ತವೆ. ಟಿವಿ ಅವನ್ನು ಮತ್ತೆ ಬೇರೆ ಮಾಡಬೇಕು. ಕಲಸಿದ್ದು ಪೂರ್ತಿ ಬೇರೆ ಆಗುತ್ತದಾ? ದೊಡ್ಡ ಸ್ಕ್ರೀನ್‌ನಲ್ಲಿ ಆ ಗಲೀಜು ಎದ್ದು ಕಾಣುತ್ತದೆ. ಅದಕ್ಕೇ ನಾನು ತಂದದ್ದು ಕಾಂಪೊನೆಂಟ್ ಕೇಬಲ್. ಅದರಲ್ಲಿ ಚಿತ್ರಕ್ಕೇ ಮೂರು ವೈರ್: ಹಸಿರು, ನೀಲಿ, ಕೆಂಪು. ಹಸಿರಿನಲ್ಲಿ ಬೆಳಕು ಮಾತ್ರ, ಬಣ್ಣದ ಲೆಕ್ಕ ಉಳಿದೆರಡರಲ್ಲಿ. ಇವೆರಡರ ನಡುವಿನ ಗುಣಮಟ್ಟದ ಎಸ್-ವಿಡಿಯೋ ಅಂತ ಒಂದಿದೆ. ಈಗಿನ ಟಿವಿಗಳಲ್ಲಿ ಅದರ ಕಿಂಡಿಯೇ ಕಾಣಸಿಗುವುದಿಲ್ಲ, ಬಿಟ್ಟುಬಿಡಿ.

ಮೊದಲು ಟಿವಿಯ ಹಿಂಭಾಗದ ಫೋಟೋ ತೆಗೆದುಕೊಂಡೆ. ಕಾಂಪೊನೆಂಟ್ ಕಿಂಡಿ ಇತ್ತು, ಆದರೆ ಹಸಿರು ಮತ್ತು ಹಳದಿಗೆ ಸೇರಿ ಒಂದೇ ತೂತು. ಹೀಗಿರುವ ಟಿವಿಗಳು ಜಾಸ್ತಿ. ಆಮೇಲೆ ಬೆಂಗಳೂರಿನ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್‌ಗೆ ನಡೆದೆ. ನಾನು ಕೇಳಿದ ಅಂಗಡಿಯವರೆಲ್ಲ ಮೊದಲು ತೋರಿಸಿದ್ದು ಹಳದಿ ತುದಿಯನ್ನು ಎಚ್‌ಡಿಎಂಐ ಮಾಡುವ ಪುಟ್ಟ ಡಬ್ಬಿ. "1080ಪಿ ಸಾರ್, ಒಂದೇ ಕೇಬಲ್" ಅಂತ. ಬೇಡ ಅಂದೆ. ಕಲಸಿ ಬಂದ ಚಿತ್ರವನ್ನೇ ಅದು ಹಿಗ್ಗಿಸುತ್ತದೆ, ಅಷ್ಟೇ. ಚಿನ್ನದ ಲೇಪದ ತುದಿಗೂ ಸುಮ್ನೆ ದುಡ್ಡು ಕೊಡಲಿಲ್ಲ. ಒಂದೆರಡು ಮೀಟರ್ ಕೇಬಲ್‌ನಲ್ಲಿ ಅದರಿಂದ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಚಿತ್ರದ ಮೂರು, ಸೌಂಡಿನ ಎರಡು, ಐದೂ ವೈರ್ ಬೇರೆ ಬೇರೆ, ದಪ್ಪವಾಗಿ ಇವೆಯಾ ಅಂತ ನೋಡಿ. ಪ್ಲೇಸ್ಟೇಷನ್ 3ರದ್ದು ಅಂತ ಬರೆದಿದ್ದರೂ ಪರವಾಗಿಲ್ಲ, ಎರಡಕ್ಕೂ ಒಂದೇ ಪಿನ್.

ಮನೆಗೆ ತಂದು ಸಿಕ್ಕಿಸುವ ಮುಂಚೆ ಒಂದು ಕೆಲಸ ಇದೆ. ಹಳದಿ ಕೇಬಲ್ ಇರುವಾಗಲೇ, ಡಿಸ್ಕ್ ಹಾಕದೆ ಕನ್ಸೋಲ್ ಆನ್ ಮಾಡಿ ಸಿಸ್ಟಂ ಕಾನ್ಫಿಗರೇಶನ್‌ಗೆ ಹೋಗಬೇಕು. ಅಲ್ಲಿ ಕಾಂಪೊನೆಂಟ್ ವಿಡಿಯೋ ಔಟ್ ಅಂತ ಇರುತ್ತದೆ. ಅದು ಆರ್‌ಜಿಬಿಯಲ್ಲಿದ್ದರೆ ವೈ ಸಿಬಿ ಸಿಆರ್‌ಗೆ ಬದಲಾಯಿಸಿ. ಇಲ್ಲದಿದ್ದರೆ ಹೊಸ ಕೇಬಲ್ ಹಾಕಿದಾಗ ಇಡೀ ಸ್ಕ್ರೀನ್ ಹಸಿರು ಬಳಿದಂತೆ ಕಾಣುತ್ತದೆ. ಕೇಬಲ್ ಹಾಳು ಅಂತ ವಾಪಸ್ ಕೊಡುವವರು ಇದನ್ನೊಮ್ಮೆ ನೋಡಲಿ.

ಕೇಬಲ್‌ನಲ್ಲಿ ಕೆಂಪು ತುದಿ ಎರಡಿವೆ. ಒಂದು ಚಿತ್ರಕ್ಕೆ, ಇನ್ನೊಂದು ಬಲಗಡೆಯ ಸೌಂಡಿಗೆ. ಬಿಳಿಯ ಜೊತೆ ಜೋಡಿಯಾಗಿ ಅಂಟಿಕೊಂಡಿರುವ ಕೆಂಪೇ ಸೌಂಡ್. ಎಲ್ಲ ಸಿಕ್ಕಿಸಿದ ಮೇಲೆ ನನಗೆ ಬಂದದ್ದು ಕಪ್ಪು-ಬಿಳುಪು ಚಿತ್ರ. ಟಿವಿ ಇನ್ನೂ ಎವಿ ಇನ್‌ಪುಟ್‌ನಲ್ಲೇ ಇತ್ತು, ಒಂದೇ ತೂತು ಅಲ್ವಾ, ಹಸಿರು ವೈರ್‌ನ ಬೆಳಕನ್ನಷ್ಟೇ ಓದುತ್ತಿತ್ತು. ರಿಮೋಟಿನಲ್ಲಿ ಸೋರ್ಸ್ ಒತ್ತಿ ಕಾಂಪೊನೆಂಟ್ ಆರಿಸಿದ ತಕ್ಷಣ ಬಣ್ಣ ತುಂಬಿಕೊಂಡಿತು.

ಎಚ್‌ಡಿ ಆಯಿತು ಅಂದುಕೊಳ್ಳಬೇಡಿ. ಹೆಚ್ಚಿನ ಆಟಗಳು ನಮ್ಮ ಕಡೆಯ ಟಿವಿ ಪದ್ಧತಿಯಾದ ಪಾಲ್‌ನಲ್ಲಿ 576ಐ, 60 ಹರ್ಟ್ಸ್‌ನಲ್ಲಿ 480ಐ ಮಾತ್ರ. ಸಂಖ್ಯೆ ಅಂದರೆ ಚಿತ್ರದ ಗೆರೆಗಳ ಲೆಕ್ಕ; ಐ ಅಂದರೆ ಒಂದು ಬಿಟ್ಟು ಒಂದು ಗೆರೆ, ಪಿ ಅಂದರೆ ಎಲ್ಲ ಗೆರೆ ಒಟ್ಟಿಗೆ. ಆದರೆ ಕಾರ್ ರೇಸ್ ಆಟದಲ್ಲಿ ಸ್ಪೀಡೋಮೀಟರ್‌ನ ಅಂಕಿಗಳು ಈಗ ನಿಂತು ಕಾಣುತ್ತವೆ, ಕೆಂಪು ಕಾರಿನ ಬಣ್ಣ ಕಾರಿನೊಳಗೇ ಇರುತ್ತದೆ. ಕೆಲವು ಆಟಗಳು 480ಪಿ ಕೊಡುತ್ತವೆ, ಕಾಂಪೋಸಿಟ್‌ನಲ್ಲಿ ಅದು ಬರುವುದೇ ಇಲ್ಲ.

ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿ. ಇಲ್ಲದಿದ್ದರೆ ಟಿವಿ ಚಿತ್ರ ತಿದ್ದುತ್ತಾ ಕೂರುತ್ತದೆ, ಬಟನ್ ಒತ್ತಿದ ಮೇಲೆ ಕಾರು ನಿಧಾನಕ್ಕೆ ತಿರುಗುತ್ತದೆ. ನಿಮ್ಮ ಟಿವಿಯಲ್ಲಿ ಕಾಂಪೊನೆಂಟ್ ಕಿಂಡಿಯೇ ಇಲ್ಲದಿದ್ದರೆ, ಕನ್ಸೋಲ್‌ನ ಹಿಂದಿನ ಅಗಲ ಕಿಂಡಿಗೆ ನೇರವಾಗಿ ಕೂರುವ ಎಚ್‌ಡಿಎಂಐ ಅಡಾಪ್ಟರ್ ತನ್ನಿ. ಅದು ಕಾಂಪೊನೆಂಟ್ ಸಿಗ್ನಲ್ಲನ್ನೇ ತೆಗೆದುಕೊಳ್ಳುತ್ತದೆ. ಹಾಗಾಗಿ ಮೆನುವಿನ ಆ ಬದಲಾವಣೆ ಅದಕ್ಕೂ ಬೇಕು.