‘ಬಿಟ್ಟು ಬರಬಾರದಾ?’ ಎಂದು ಕೇಳದ ಇಬ್ಬರು

ನನಗೆ ಮೊದಲ ಏಟು ಬಿದ್ದದ್ದು ಮದುವೆಯಾದ ಎರಡನೇ ವರ್ಷ. ಆದರೆ ಅದಕ್ಕೂ ಮೊದಲೇ ನನ್ನ ಸಂಬಳದ ಎಟಿಎಂ ಕಾರ್ಡು ಗಂಡನ ಕೈಯಲ್ಲಿತ್ತು. ನನ್ನ ಫೋನಿನ ಪಾಸ್‌ವರ್ಡ್ ಅವನಿಗೆ ಗೊತ್ತಿತ್ತು. ಗೆಳತಿಯರ ಜೊತೆ ಮಾತಾಡಿದ ದಿನ ರಾತ್ರಿ ಮುಖ ಗಂಟು ಹಾಕಿಕೊಂಡು ಕೂರುತ್ತಿದ್ದ. ಹಾಗಾಗಿ ಒಬ್ಬೊಬ್ಬರ ಸ್ನೇಹವನ್ನೂ ನಾನೇ ಬಿಟ್ಟೆ. ಇದಕ್ಕೆಲ್ಲ ದೌರ್ಜನ್ಯ ಅನ್ನುತ್ತಾರೆ ಅಂತ ಆಗ ಗೊತ್ತಿರಲಿಲ್ಲ. ನನ್ನ ಮೇಲೆ ಪ್ರೀತಿ ಜಾಸ್ತಿ, ಸಿಟ್ಟೂ ಸ್ವಲ್ಪ ಜಾಸ್ತಿ ಅಂದುಕೊಂಡಿದ್ದೆ.

ಹೊಡೆದ ಮೇಲೆ ಅಳುತ್ತಿದ್ದ, ಕಾಲು ಹಿಡಿಯುತ್ತಿದ್ದ. ಆಮೇಲೆ ಹದಿನೈದು ದಿನವೋ ಒಂದು ತಿಂಗಳೋ ಎಲ್ಲ ಹೊಸದಾಗಿ ಮದುವೆಯಾದ ಹಾಗೆ. ಆ ಹದಿನೈದು ದಿನದವನೇ ನಿಜವಾದ ಗಂಡ, ಉಳಿದದ್ದು ಕೆಟ್ಟ ಗಳಿಗೆ ಅಂತ ನಂಬಿಕೊಂಡು ಆರು ವರ್ಷ ಕಳೆದೆ.

ನಾನು ಯಾರಿಗೂ ಹೇಳಲೇ ಇಲ್ಲ ಅಂತಲ್ಲ. ಅಮ್ಮನಿಗೆ ಹೇಳಿದೆ, ‘ಸ್ವಲ್ಪ ಹೊಂದಿಕೊಂಡು ಹೋಗು’ ಅಂದಳು. ಹತ್ತಿರದ ಸಂಬಂಧಿಯೊಬ್ಬರು ‘ಮೊದಲು ನೀನೇನು ಅಂದೆ?’ ಅಂತ ಕೇಳಿದರು. ಹಳೆಯ ಗೆಳತಿ ‘ಅಷ್ಟು ಕಷ್ಟ ಇದ್ದರೆ ಬಿಟ್ಟು ಬರಬಾರದಾ?’ ಅಂದಳು. ಮೂವರಿಗೂ ನನ್ನ ಮೇಲೆ ಪ್ರೀತಿ ಇತ್ತು. ಆದರೂ ಮೂರು ಸಲವೂ ನಾನು ಬಾಯಿ ಮುಚ್ಚಿಕೊಂಡೆ. ಬಿಟ್ಟು ಬರೋದು ಅಂದ್ರೆ ಎಲ್ಲಿಗೆ, ಯಾವ ದುಡ್ಡಲ್ಲಿ, ಮಗಳನ್ನು ಹೇಗೆ ಕರೆದುಕೊಂಡು? ಆ ಪ್ರಶ್ನೆಯಲ್ಲಿ ಇದ್ಯಾವುದಕ್ಕೂ ಜಾಗ ಇರಲಿಲ್ಲ.

ಕೆಲಸದಲ್ಲಿ ನನಗಿಂತ ಹಿರಿಯರೊಬ್ಬರಿದ್ದರು, ಅವರನ್ನು ಅಕ್ಕಾ ಅಂತಲೇ ಕರೆಯುತ್ತಿದ್ದೆ. ಒಂದು ಸಂಜೆ ಎಲ್ಲರೂ ಹೋದ ಮೇಲೆ ನನ್ನ ಪಕ್ಕ ಬಂದು ಕೂತರು. ‘ನಿನಗೆ ಮನೆಗೆ ಹೋಗೋಕೆ ಭಯ ಆಗುತ್ತಾ?’ ಅಂತ ಕೇಳಿದರು, ಅಷ್ಟೇ. ಹೌದು ಅಂತ ತಲೆ ಆಡಿಸಿದೆ. ಬೇರೇನೂ ಹೇಳುವ ಶಕ್ತಿ ಇರಲಿಲ್ಲ. ಅವರು ಏನು ನಡೆಯಿತು ಅಂತ ಕೆದಕಲಿಲ್ಲ, ಬುದ್ಧಿ ಹೇಳಲೂ ಇಲ್ಲ. ‘ಯಾವಾಗ ಬೇಕಾದರೂ ನನ್ನ ಫೋನಿಂದ ಮಾತಾಡು’ ಅಂದರು.

ಮಹಿಳಾ ಸಹಾಯವಾಣಿಗೆ ಕರೆ ಮಾಡಿದ್ದು ಆ ಫೋನಿನಿಂದಲೇ. ನನ್ನ ಫೋನಿನ ಕರೆಗಳನ್ನು ಅವನು ದಿನಾ ನೋಡುತ್ತಿದ್ದ. ಆ ಕಡೆಯ ಸಮಾಲೋಚಕಿ ಮೊದಲು ಕೇಳಿದ್ದು, ‘ಈಗ ಮಾತಾಡಿದರೆ ತೊಂದರೆ ಇಲ್ಲವಾ? ಹತ್ತಿರ ಯಾರಾದರೂ ಇದ್ದಾರಾ?’ ನನ್ನ ಹೆಸರನ್ನೂ ಕೇಳಿರಲಿಲ್ಲ. ಆಮೇಲೆ ಎದುರು ಕೂತು ಮಾತಾಡಿದಾಗ ಅವರು ಒಂದು ಚಕ್ರದ ಚಿತ್ರ ತೋರಿಸಿದರು. ಅಮೆರಿಕದ ಡುಲುತ್ ಎಂಬ ಊರಿನಲ್ಲಿ, ಇಂಥದ್ದನ್ನೇ ಅನುಭವಿಸಿದ ಹೆಂಗಸರ ಮಾತು ಕೇಳಿ 1980ರ ದಶಕದಲ್ಲಿ ಮಾಡಿದ್ದಂತೆ. ನಡುವೆ ‘ಅಧಿಕಾರ ಮತ್ತು ಹಿಡಿತ’, ಹೊರಗಿನ ಸುತ್ತಿನಲ್ಲಿ ಹೊಡೆತ, ಅವೆರಡರ ಮಧ್ಯದ ಭಾಗಗಳಲ್ಲಿ ದುಡ್ಡು ಕಿತ್ತುಕೊಳ್ಳುವುದು, ಬೇರೆಯವರಿಂದ ದೂರ ಮಾಡುವುದು, ಹೆದರಿಸುವುದು, ತಪ್ಪನ್ನು ಹೆಂಡತಿಯ ಮೇಲೆ ಹಾಕುವುದು, ಮಕ್ಕಳನ್ನು ಮುಂದಿಟ್ಟು ಆಡಿಸುವುದು. ನನ್ನ ಮನೆಯ ಕಥೆಯನ್ನು ಯಾರೋ ದೂರದಲ್ಲಿ ನಾನು ಹುಟ್ಟುವ ಮೊದಲೇ ಬರೆದಿಟ್ಟಿದ್ದರು. ಅವತ್ತು ತುಂಬಾ ಅತ್ತೆ.

ಆಮೇಲೆ ಅವರು, ‘ಯಾವಾಗಲಾದರೂ ಕತ್ತು ಹಿಸುಕಿದ್ದಾನಾ?’ ಅಂದರು. ಎರಡು ಸಲ, ಆದರೆ ಗುರುತೇನೂ ಬೀಳಲಿಲ್ಲ ಅಂದೆ. ಅವರ ಮುಖ ಬದಲಾಯಿತು. ಗಂಡನಿಂದ ಹೀಗೆ ಕತ್ತು ಹಿಸುಕಿಸಿಕೊಂಡವರು ಮುಂದೆ ಅವನ ಕೈಯಿಂದಲೇ ಕೊಲೆಯಾಗುವ ಸಾಧ್ಯತೆ ಏಳು ಪಟ್ಟಿಗೂ ಜಾಸ್ತಿ ಅಂತ 2008ರ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿದೆ. ಹೊರಗೆ ಗುರುತು ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು. ದನಿ ಒರಟಾದರೆ, ನುಂಗೋಕೆ ಕಷ್ಟವಾದರೆ ಡಾಕ್ಟರ ಹತ್ತಿರ ಹೋಗಲೇಬೇಕು. ನಾನು ಹೋಗಿರಲಿಲ್ಲ. ಮುಂದಿನ ಸಲ ಹೋದೆ. ಮೊದಲಿನ ಹಾಗೆ ‘ಜಾರಿ ಬಿದ್ದೆ’ ಅನ್ನದೆ ನಿಜ ಹೇಳಿದೆ. ಡಾಕ್ಟರು ಅದನ್ನು ಹಾಗೇ ಬರೆದುಕೊಂಡರು. ಆ ಚೀಟಿ ನನಗೆ ಆಮೇಲೆ ತುಂಬಾ ಕೆಲಸಕ್ಕೆ ಬಂತು.

ತಕ್ಷಣ ಹೊರಟುಬಿಡು ಅಂತ ಸಮಾಲೋಚಕಿ ಹೇಳಲಿಲ್ಲ. ಹೊರಡುವ ಹೊತ್ತು ಮತ್ತು ಆಮೇಲಿನ ದಿನಗಳೇ ಎಲ್ಲಕ್ಕಿಂತ ಅಪಾಯ. ಹಿಡಿತ ತಪ್ಪುತ್ತಿದೆ ಅಂತ ಗೊತ್ತಾದಾಗಲೇ ಅಂಥವರು ಮಿತಿ ಮೀರುವುದು. ಪ್ರಾಣಕ್ಕೇ ಬಂದರೆ ಬರಿಗೈಲಿ ಓಡು, ಇಲ್ಲದಿದ್ದರೆ ತಯಾರಾಗು ಅಂದರು. ನನ್ನ ತಯಾರಿಗೆ ನಾಲ್ಕು ತಿಂಗಳು ಹಿಡಿಯಿತು.

ದಾಖಲೆಗಳನ್ನು ಒಂದೊಂದಾಗಿ ಅಕ್ಕನ ಮನೆಗೆ ಸಾಗಿಸಿದೆ. ಒಂದೇ ಸಲ ತೆಗೆದಿದ್ದರೆ ಕಪಾಟು ಖಾಲಿಯಾದದ್ದು ಕಾಣುತ್ತಿತ್ತು. ಎರಡು ಜೊತೆ ಬಟ್ಟೆ, ಮಗಳ ಔಷಧಿ, ಇನ್ನೊಂದು ಕೀಲಿಕೈ ಅಲ್ಲೇ ಇಟ್ಟೆ. ಒಂದು ನೋಟ್‌ಬುಕ್ಕೂ ಅಲ್ಲೇ ಇರುತ್ತಿತ್ತು. ಯಾವ ದಿನ, ಎಷ್ಟು ಹೊತ್ತಿಗೆ ಏನು ನಡೆಯಿತು, ಯಾರು ಕೇಳಿಸಿಕೊಂಡರು ಅಂತ ಅದರಲ್ಲಿ ಬರೆದೆ. ಹೊಸ ಇಮೇಲ್ ಮಾಡಿದ್ದು ಅಕ್ಕನ ಕಂಪ್ಯೂಟರಿನಲ್ಲಿ. ನನ್ನ ಫೋನು ನಾನಿರುವ ಜಾಗವನ್ನು ಅವನಿಗೆ ತೋರಿಸುತ್ತಿತ್ತು. ಅದನ್ನು ಆಗಲೇ ಆಫ್ ಮಾಡಬೇಡ, ಅನುಮಾನ ಬರುತ್ತದೆ ಅಂತ ಸಮಾಲೋಚಕಿ ತಡೆದರು. ಅವರು ಹೇಳದಿದ್ದರೆ ನಾನು ಅವತ್ತೇ ಸಿಕ್ಕಿಬೀಳುತ್ತಿದ್ದೆ.

ಜಗಳ ಶುರುವಾದರೆ ಅಡುಗೆಮನೆ, ಬಚ್ಚಲಮನೆ ಕಡೆ ಹೋಗದೆ ಹೊರಬಾಗಿಲ ಹತ್ತಿರ ನಿಲ್ಲುವುದನ್ನು ಕಲಿತೆ. ಮಗಳಿಗೆ, ‘ನಡುವೆ ಬರಬೇಡ, ಪಕ್ಕದ ಮನೆಗೆ ಓಡು’ ಅಂತ ಹೇಳಿಕೊಟ್ಟೆ. ಏಳು ವರ್ಷದ ಮಗುವಿಗೆ ಇದನ್ನು ಹೇಳಿಕೊಡುವಾಗ ನನಗಾದ ಸಂಕಟ ಹೇಳಲಾರೆ. ಅಕ್ಕನ ಜೊತೆ ಒಂದು ಮಾತು ಗೊತ್ತು ಮಾಡಿಕೊಂಡಿದ್ದೆ. ಆ ಮಾತು ಮೆಸೇಜಿನಲ್ಲಿ ಬಂದರೆ ಅವರು ನನಗೆ ಫೋನ್ ಮಾಡದೆ ನೇರ ಪೊಲೀಸರಿಗೆ ಹೇಳಬೇಕು. 2020ರಲ್ಲಿ ಕೆನಡಾದಿಂದ ಶುರುವಾದ ಒಂದು ಕೈಸನ್ನೆಯೂ ಇದೆ. ಅಂಗೈ ತೋರಿಸಿ, ಹೆಬ್ಬೆರಳು ಮಡಚಿ, ಅದರ ಮೇಲೆ ನಾಲ್ಕು ಬೆರಳು ಮುಚ್ಚುವುದು. ವಿಡಿಯೋ ಕರೆಯಲ್ಲಿ ಬಾಯಿ ಬಿಡದೆ ಸಹಾಯ ಕೇಳಬಹುದು.

ಎಲ್ಲ ಕಡೆಯೂ ಒಳ್ಳೆಯದೇ ಆಗಲಿಲ್ಲ. ಒಂದು ಕಚೇರಿಯಲ್ಲಿ ಅರ್ಧ ದಿನ ಕೂರಿಸಿ, ‘ಗಂಡನನ್ನೂ ಕರೆದುಕೊಂಡು ಬಾ, ಕೂತು ಮಾತಾಡೋಣ’ ಅಂದರು. ನನಗೆ ಈಗಲೂ ಸಿಟ್ಟಿದೆ. ಅವನ ಎದುರು ನಾನು ಆಡಿದ ಒಂದೊಂದು ಮಾತಿಗೂ ಮನೆಗೆ ಹೋದ ಮೇಲೆ ಲೆಕ್ಕ ಕೊಡಬೇಕಲ್ವಾ? ಮರುದಿನ ಅಕ್ಕ ರಜೆ ಹಾಕಿ ನನ್ನ ಜೊತೆ ಬೇರೆ ಕಡೆ ಬಂದರು. ಜೊತೆಗೆ ಒಬ್ಬರಿದ್ದರೆ ಮಾತಾಡಿಸುವ ರೀತಿಯೇ ಬೇರೆ.

ಒಂದು ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ಹೊರಟೆವು. ಆಶ್ರಯ ಕೇಂದ್ರದಲ್ಲಿ ಎರಡು ತಿಂಗಳು ಇದ್ದೆವು. ಮಗಳನ್ನು ಯಾರ ಜೊತೆ ಕಳಿಸಬಾರದು ಅಂತ ಶಾಲೆಗೆ ಬರೆದುಕೊಟ್ಟೆ.

ಅಲ್ಲಿ ನನಗೆ ಅವನ ನೆನಪು ತುಂಬಾ ಕಾಡಿತು. ಇದನ್ನು ಯಾರೂ ಮುಂಚೆ ಹೇಳಿರಲಿಲ್ಲ. ‘ಬದಲಾಗಿದ್ದೀನಿ’ ಅಂತ ಅವನ ಸಂದೇಶ ಬಂದ ರಾತ್ರಿ ಚೀಲಕ್ಕೆ ಬಟ್ಟೆ ತುಂಬಿದೆ. ಪಕ್ಕದ ಹಾಸಿಗೆಯಾಕೆ ನೋಡಿ, ‘ನಾನು ಮೂರು ಸಲ ವಾಪಸ್ ಹೋಗಿದ್ದೆ’ ಅಂದರು. ನಾಚಿಕೆ ಸ್ವಲ್ಪ ಕಡಿಮೆಯಾಯಿತು. ನೋಟ್‌ಬುಕ್ ತೆಗೆದು ಓದುತ್ತಾ ಕೂತೆ. ಬೆಳಗಾಗುವ ಹೊತ್ತಿಗೆ ಬಟ್ಟೆ ತೆಗೆದಿಟ್ಟೆ.

ವರ್ಷದ ಮೇಲೆ ಅಮ್ಮ ನೋಡಲು ಬಂದಳು. ನಾನೇನೂ ಹೇಳದೆ ಆ ನೋಟ್‌ಬುಕ್ ಅವಳ ಕೈಗೆ ಕೊಟ್ಟೆ. ನಾಲ್ಕು ಪುಟ ಓದಿದಳು, ಐದನೆಯದನ್ನು ತಿರುಗಿಸಲಿಲ್ಲ. ತುಂಬಾ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ ಎದ್ದು ಹೋಗಿ ಬಾಗಿಲಿನ ಚಿಲಕ ಎಳೆದು ನೋಡಿ, ‘ಇದು ಗಟ್ಟಿ ಇದೆಯಾ?’ ಅಂತ ಕೇಳಿದಳು.