ಮಳೆಗಾಲದಲ್ಲೇ ಕಟ್ಟಿದ ಘಟ್ಟ: ಎಚ್‌ಓ ಲೇಔಟ್‌ನಲ್ಲಿ ನನ್ನ ಅನುಭವ

ನಾನು ಎಚ್‌ಓ ಅಳತೆಯಲ್ಲಿ, ಅಂದರೆ ಅಸಲಿಯ 87ರಲ್ಲಿ ಒಂದು ಪಾಲಿಗೆ ಕಟ್ಟಿದ ಮಾದರಿ ರೈಲು ಲೇಔಟ್ ಎರಡು ಮಳೆಗಾಲ ದಾಟಿತು. ಗುಡ್ಡ ಬಿರುಕು ಬಿಟ್ಟಿಲ್ಲ, ಸುರಂಗದ ಬಾಯಿ ಉದುರಿಲ್ಲ. ಹನ್ನೆರಡು ವ್ಯಾಗನ್ನಿನ ರೇಕು ಹಿಂದೊಂದು ಬ್ಯಾಂಕರ್ (ಹಿಂದಿನಿಂದ ತಳ್ಳುವ ಎಂಜಿನ್) ಕಟ್ಟಿಕೊಂಡು, ಒಂದಕ್ಕೆ ಐವತ್ತರ ಏರನ್ನು ಸಾದಾ ಡಿಸಿಯಲ್ಲೇ ಹತ್ತುತ್ತಿದೆ. ಎರಡೂ ಆಗುವ ಕೆಲಸವಲ್ಲ ಎಂದಿದ್ದರು. “ಪುತ್ತೂರಿನ ಜುಲೈಯಲ್ಲಿ ಸೀನರಿ ಕೆಲಸವಾ? ನವೆಂಬರ್‌ವರೆಗೆ ಮುಟ್ಟಬೇಡಿ ಮಾರಾಯ್ರೆ” ಎಂದು ಮಂಗಳೂರಿನ ಗೆಳೆಯರೊಬ್ಬರು. ಡಿಸಿಸಿ (ಒಂದೊಂದು ಎಂಜಿನ್ನನ್ನೂ ಬೇರೆಯಾಗಿ ನಡೆಸುವ ಡಿಜಿಟಲ್ ವ್ಯವಸ್ಥೆ) ಇಲ್ಲದೆ ಬ್ಯಾಂಕರ್ ಹಾಕಿದರೆ ನಡುವಿನ ವ್ಯಾಗನ್‌ಗಳನ್ನೆಲ್ಲ ನೆಲದಿಂದ ಹೆಕ್ಕಬೇಕಾದೀತು ಎಂದು ಬೆಂಗಳೂರಿನವರು. ಈಗ ಅವರೇ ಅಡಿಕೆ ಹಾಳೆ ಕಳಿಸಿಕೊಡಿ, ಡಯೋಡ್ ಹೇಗೆ ಹಾಕಿದ್ರಿ ಹೇಳಿ ಎಂದು ಕೇಳುತ್ತಿದ್ದಾರೆ. ಹಾಗಾಗಿ ನೆನಪಿದ್ದಷ್ಟು ಬರೆಯುತ್ತಿದ್ದೇನೆ.

ಮಾದರಿಗೆ ಇಟ್ಟುಕೊಂಡದ್ದು ನಮ್ಮದೇ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಟ್ಟ. 55 ಕಿಲೋಮೀಟರಿನಲ್ಲಿ 57 ಸುರಂಗ, 109 ಸೇತುವೆ ಇರುವ ಹಾದಿಯನ್ನು ಎಂಟು ಅಡಿ ನಾಲ್ಕಡಿಯ ಹಲಗೆಗೆ ತರಲು ಹೊರಡುವುದು ವ್ಯರ್ಥ. ನಾನು ತೆಗೆದುಕೊಂಡದ್ದು ಎಡಕುಮೇರಿಯ ಸುತ್ತಿನ ಒಂದು ತುಂಡು, ಎರಡು ಸುರಂಗ, ಒಂದು ಕಮಾನಿಲ್ಲದ ಎತ್ತರದ ಸೇತುವೆ. ಕೆಳಗಿನ ನಿಲ್ದಾಣದಿಂದ ಹೊರಟ ಹಳಿ ಹಲಗೆಗೆ ಒಂದು ಸುತ್ತು ಬಂದು, ತನ್ನದೇ ನೆತ್ತಿಯ ಮೇಲೆ ದಾಟಿ ಮೇಲಿನ ನಿಲ್ದಾಣ ಸೇರುತ್ತದೆ. ಒಂಬತ್ತು ಸೆಂಟಿಮೀಟರ್ ಎತ್ತರ ಗಳಿಸಬೇಕು. ಒಂದಕ್ಕೆ ಐವತ್ತು ಅಂದರೆ ನಾಲ್ಕೂವರೆ ಮೀಟರ್ ಏರು. ಅಸಲಿ ಘಟ್ಟದ ಏರೂ ಅಷ್ಟೇ, ಅದಕ್ಕೇ ಈ ಲೆಕ್ಕ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ತಿರುವಿನ ತ್ರಿಜ್ಯ 22 ಇಂಚು, ನಾಲ್ಕಡಿ ಹಲಗೆಯಲ್ಲಿ ಅದಕ್ಕಿಂತ ದೊಡ್ಡದು ಕೂರುವುದಿಲ್ಲ. ಬ್ರಾಡ್‌ಗೇಜ್‌ಗೆ ಲೆಕ್ಕದ ಪ್ರಕಾರ ಹಳಿಗಳ ನಡುವೆ 19.3 ಮಿಲಿಮೀಟರ್ ಬೇಕು, ಸಿಗುವುದು 16.5. ಇದರ ಮೇಲೆ ಆಗಬೇಕಾದ ಜಗಳವೆಲ್ಲ ಎಂದೋ ಆಗಿಹೋಗಿದೆ, ನಾನು 16.5ರಲ್ಲೇ ನೆಮ್ಮದಿಯಾಗಿದ್ದೇನೆ.

ಮೊದಲ ಗುಡ್ಡ ಎಲ್ಲರೂ ಮಾಡುವ ಹಾಗೆ ಥರ್ಮಾಕೋಲ್, ಮೇಲೆ ಪಿಒಪಿ. ಏಪ್ರಿಲ್‌ನಲ್ಲಿ ಮುಗಿದಾಗ ನೋಡಲು ಚೆನ್ನಾಗಿಯೇ ಇತ್ತು. ಜೂನ್ ಕೊನೆಗೆ ಹಲಗೆಯ ಪ್ಲೈ ತೇವ ಕುಡಿದು ಸ್ವಲ್ಪ ಉಬ್ಬಿತು, ಪಿಒಪಿ ಉಬ್ಬಲಿಲ್ಲ. ಬುಡದಲ್ಲಿ ಸುತ್ತ ಬಿರುಕು, ಬೆರಳಿಟ್ಟರೆ ಹಿಟ್ಟು. ಆ ಹಿಟ್ಟು ಹಳಿಯ ಮೇಲೆ ಬಿದ್ದು, ರೈಲಿನ ದಾರಿ ಬದಲಿಸುವ ಪಾಯಿಂಟ್‌ಗಳ ನಾಲಗೆ ಸೇರಿಕೊಂಡಿತು. ಬೇರೆ ಕಂಪನಿಯ ಪಿಒಪಿ ತಂದೆ, ಫೆವಿಕಾಲ್ ಬೆರೆಸಿದೆ, ಮೇಲೆ ವಾರ್ನಿಶ್ ಹೊಡೆದೆ. ಸುಮಾರು ಮೂರೂವರೆ ಸಾವಿರ ರೂಪಾಯಿ ಹೀಗೆ ಹೋಯಿತು. ಅದೇ ಮಳೆಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ಉಕ್ಕಿನ ಹಳಿಯ ಒಂದು ಲಾಟ್ ಪೂರ್ತಿ ತುಕ್ಕು ಹಿಡಿಯಿತು, ಅದೊಂದು ಆರು ಸಾವಿರದ ಬಾಬ್ತು. ಕರಾವಳಿಯವರು ನಿಕಲ್ ಸಿಲ್ವರ್ (ತುಕ್ಕು ಹಿಡಿಯದ ತಾಮ್ರದ ಮಿಶ್ರಲೋಹ) ಬಿಟ್ಟು ಬೇರೆ ಹಳಿ ಮುಟ್ಟಲೇಬೇಡಿ, ಎಷ್ಟು ಅಗ್ಗಕ್ಕೆ ಕೊಟ್ಟರೂ.

ದಾರಿ ತೋರಿಸಿದ್ದು ನಮ್ಮ ತಾರಸಿ ರಿಪೇರಿಗೆ ಬಂದ ಮೇಸ್ತ್ರಿ. ಪುಡಿಯಾದ ಗುಡ್ಡ ನೋಡಿ, “ಇದಕ್ಕೆ ಸಿಮೆಂಟ್ ಹಾಕಿ ಅಣ್ಣಾ, ಮಳೆಗೆ ಅದು ಇನ್ನೂ ಗಟ್ಟಿಯಾಗ್ತದೆ” ಎಂದರು. ಮಾತು ಸರಿಯೇ. ಪಿಒಪಿ ಹೆದರುವ ತೇವ ಸಿಮೆಂಟಿಗೆ ಕ್ಯೂರಿಂಗ್. ಉಳಿದ ಪ್ರಶ್ನೆ ಭಾರದ್ದು. ಕೋಳಿ ಬಲೆಯ ಮೇಲೆ ಸಿಮೆಂಟ್ ಮೆತ್ತಿದರೆ ಗುಡ್ಡ ಎತ್ತಲು ಇಬ್ಬರು ಬೇಕು, ಸುರಂಗದೊಳಗೆ ಹಳಿ ತಪ್ಪಿದರೆ ಗುಡ್ಡವನ್ನು ನಾನೊಬ್ಬನೇ ಎತ್ತುವಂತಿರಬೇಕು.

ಅಲ್ಲಿಗೆ ಬಂದದ್ದು ಅಡಿಕೆ ಹಾಳೆ. ತಟ್ಟೆ ಮಾಡುವವರಿಗೆ ಕೊಟ್ಟು ಉಳಿದ, ಅಂಚು ಹರಿದ ಹಾಳೆ ಸಾಕು, ದುಡ್ಡು ಕೊಡಬೇಕಾಗಿಲ್ಲ. ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟರೆ ಬೆಳಿಗ್ಗೆ ಚರ್ಮದಂತೆ ಬಾಗುತ್ತದೆ. ಬೇಕಾದ ಆಕಾರಕ್ಕೆ ಬಗ್ಗಿಸಿ, ಅಲ್ಲಲ್ಲಿ ಮಡಿಸಿ, ಬಟ್ಟೆ ಕ್ಲಿಪ್ ಹಾಕಿ, ಅಡಿಕೆ ಡ್ರೈಯರ್‌ನ ಮೇಲಿನ ತಟ್ಟಿನಲ್ಲಿ ಒಣಗಿಸಿದೆ. ಒಣಗಿದ ಮೇಲೆ ಆ ಆಕಾರ ಬಿಡುವುದಿಲ್ಲ. ಹಾಳೆಯ ಹೊರಮೈಯ ಉದ್ದ ಗೆರೆಗಳು ಮಳೆ ನೀರು ಇಳಿದು ಕೊರೆದ ಧರೆಯ ಹಾಗೆ ಕಾಣುತ್ತವೆ, ಅದನ್ನು ಕೈಯಿಂದ ಕೆತ್ತಲು ನನ್ನಿಂದಾಗುತ್ತಿರಲಿಲ್ಲ. ಎರಡು ಮೂರು ಹಾಳೆ ಸೇರಿಸಿ ಹೊಲಿದು ಒಂದು ಗುಡ್ಡ. ಇದರ ಮೇಲೆ ಹಳೆ ಹತ್ತಿ ಲುಂಗಿಯ ತುಂಡುಗಳನ್ನು ತೆಳು ಸಿಮೆಂಟ್ ಹಾಲಿನಲ್ಲಿ ಅದ್ದಿ ಹೊದಿಸುವುದು. ಪಾಯಸದ ಹದ ಸಾಕು, ಗಟ್ಟಿ ಮಾಡಿದರೆ ಭಾರ. ಮಾರನೇ ದಿನ ಇನ್ನೊಂದು ಪದರ. ಬಳಿಕ ಒಂದು ವಾರ ಜಗಲಿಯ ಮೂಲೆಯಲ್ಲಿ, ಮಳೆಯ ಎರಚಲು ತಾಗುವಲ್ಲಿ ಬಿಟ್ಟೆ. ಜುಲೈ ಬೇಕೆಂದದ್ದು ಇದಕ್ಕೇ. ದೊಡ್ಡ ಗುಡ್ಡ ಎರಡೂವರೆ ಕಿಲೋ ಚಿಲ್ಲರೆ ಇದೆ, ಒಂದೇ ಕೈಯಲ್ಲಿ ಎತ್ತುತ್ತೇನೆ. ಗುಡ್ಡಗಳನ್ನೆಲ್ಲ ಹಲಗೆಯಿಂದ ದೂರ ಬೇರೆಯಾಗಿಯೇ ಮಾಡಿ ಕೊನೆಗೆ ತಂದು ಕೂರಿಸಿದ್ದು. ಹಸಿ ಸಿಮೆಂಟನ್ನು ಪ್ಲೈ, ಹಳಿಗಳ ಹತ್ತಿರ ತರಲೇಬಾರದು. ಹಲಗೆಗೂ ಗುಡ್ಡಕ್ಕೂ ನಡುವೆ ಎರಡು ಮಿಲಿಮೀಟರ್ ಸಂದು ಬಿಟ್ಟು ಅದನ್ನು ಬರೀ ಸ್ಪಂಜಿನ ಪೊದೆಯಿಂದ ಮುಚ್ಚಿದ್ದೇನೆ. ಪ್ಲೈ ಉಬ್ಬಲಿ, ಇಳಿಯಲಿ, ಗುಡ್ಡಕ್ಕೆ ಗೊತ್ತೇ ಆಗುವುದಿಲ್ಲ.

ಹಾಳೆಗೆ ಬೂಷ್ಟು ಬರುತ್ತದೆ ಎಂದು ಹೆದರಿಸಿದವರಿದ್ದರು. ಎರಡೂ ಬದಿ ಸಿಮೆಂಟ್ ಹಾಲು ಬಳಿದರೆ ಬರುವುದಿಲ್ಲ, ಸಿಮೆಂಟಿನ ಕ್ಷಾರ ಅದನ್ನು ಏಳಗೊಡುವುದಿಲ್ಲ. ಒಳಬದಿ ಬಿಟ್ಟ ಒಂದು ಚಿಕ್ಕ ಗುಡ್ಡಕ್ಕೆ ಮಾತ್ರ ಬಂತು, ಅದನ್ನು ಎಸೆದೆ.

ಬೂಷ್ಟಿನ ಅಸಲಿ ಕಾಟ ನೆಲದ ಹಸಿರಿನಲ್ಲಿ. ತೆಂಗಿನ ನಾರಿನ ಪುಡಿಯನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅಂಟಿಸಿದರೆ ಆಗಸ್ಟ್‌ನಲ್ಲಿ ಬಿಳಿ ತುಪ್ಪಳ ಏಳುತ್ತದೆ. ಬಿಳಿಗಾರ ಬೆರೆಸಿ ಎಂದು ಯಾರೋ ಹೇಳಿದರು. ಬೆರೆಸಿ ಕಲಕುತ್ತಿದ್ದಂತೆ ಬಟ್ಟಲಿನ ಫೆವಿಕಾಲ್ ಒಂದೇ ರಬ್ಬರ್ ಮುದ್ದೆಯಾಗಿ ಚಮಚಕ್ಕೆ ಸುತ್ತಿಕೊಂಡು ಮೇಲೆದ್ದು ಬಂತು. ಬಿಳಿಗಾರಕ್ಕೂ ಆ ಗೋಂದಿಗೂ ಆಗುವುದಿಲ್ಲ, ಯಾರೂ ಪ್ರಯತ್ನಿಸಬೇಡಿ. ತೋಟಕ್ಕೆ ತಂದ ಮೈಲುತುತ್ತನ್ನೂ ನೋಡಿದೆ. ಬೂಷ್ಟು ನಿಂತಿತು, ಆದರೆ ಹಸಿರೆಲ್ಲ ನೀಲಿಗೆ ತಿರುಗಿತು, ಹಳಿ ಹೊಡೆದ ಉಕ್ಕಿನ ಮೊಳೆಗಳನ್ನು ತಿಂದುಹಾಕಿತು. ಈಗ ನಾರಿನ ಪುಡಿಯನ್ನು ಸುಣ್ಣದ ತಿಳಿಯಲ್ಲಿ ಎರಡು ದಿನ ನೆನೆಸಿ, ಬಿಸಿಲಿಗೆ ಒಣಗಿಸಿ, ಗೋಡೆ ಬಣ್ಣಕ್ಕೆ ಹಾಕುವ ಸ್ಟೇನರ್‌ನಿಂದ ಬಣ್ಣ ಕಟ್ಟುತ್ತೇನೆ. ಬಟ್ಟೆಯ ಬಣ್ಣ ಸುಣ್ಣಕ್ಕೆ ಮಾಸುತ್ತದೆ, ಸ್ಟೇನರ್ ಮಾಸುವುದಿಲ್ಲ. ಗೋಂದಿಗೆ ಇನ್ನೊಂದು ವಸ್ತು ಬೀಳುತ್ತದೆ. ಅದು ಯಾವುದು, ಎಷ್ಟು ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಮಳೆಗಾಲ ನೋಡಿದ ಮೇಲೆ ಹೇಳುವೆ.

ಕೆಂಪು ಮಣ್ಣಿನ ವಿಷಯಕ್ಕೂ ದೊಡ್ಡ ವಾದವಿತ್ತು. ನಮ್ಮ ಮಣ್ಣಿನಲ್ಲಿ ಕಬ್ಬಿಣವಿದೆ, ಮೋಟಾರಿನ ಆಯಸ್ಕಾಂತ ಎಳೆದುಕೊಳ್ಳುತ್ತದೆ, ಎಂಜಿನ್ ಹಾಳು ಎಂದು. ಭಯ ಸುಳ್ಳಲ್ಲ. ಹಳೆ ಸ್ಪೀಕರಿನ ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹಿತ್ತಲಿನ ಮುರಕಲ್ಲಿನ ಪುಡಿಯ ಮೇಲೆ ಆಡಿಸಿ ನೋಡಿ. ಚೀಲದ ತಳಕ್ಕೆ ಕಪ್ಪು ಗಡ್ಡ ಬೆಳೆಯುತ್ತದೆ. ಚೀಲವನ್ನು ಒಳಹೊರಗೆ ಮಾಡಿ ಕೊಡವಿ, ಮತ್ತೆ ಆಡಿಸಿ, ಮತ್ತೆ ಕೊಡವಿ. ಗಡ್ಡ ಬರುವುದು ನಿಂತ ಮೇಲೆ ಆ ಮಣ್ಣು ಧೈರ್ಯವಾಗಿ ಬಳಸಬಹುದು. ಅಂಗಡಿಯ ಯಾವ ಪುಡಿಗೂ ಆ ಬಣ್ಣ ಬರುವುದಿಲ್ಲ. ಜಲ್ಲಿಗೆ ಎಂ-ಸ್ಯಾಂಡ್, ಟೀ ಸೋಸುವ ಜರಡಿಯಲ್ಲಿ ಇಳಿದದ್ದನ್ನು ಮೈದಾ ಜರಡಿಯಲ್ಲಿ ಮತ್ತೆ ಜಾಲಿಸಿ, ಮೇಲೆ ಉಳಿದದ್ದು. ಅದಕ್ಕೂ ಆಯಸ್ಕಾಂತದ ಉಪಚಾರ ತಪ್ಪಿದ್ದಲ್ಲ. ಇಡೀ ಲೇಔಟ್‌ಗೆ ಒಂದು ಬಕೆಟ್ ಕೂಡ ಬೇಕಾಗಲಿಲ್ಲ.

ಮರಗಳಿಗೆ ಕಮ್ಯುನಿಸ್ಟ್ ಗಿಡದ ಒಣಗಿದ ಹೂಗೊಂಚಲು, ಫೆಬ್ರವರಿಯಲ್ಲಿ ಕೊಯ್ದರೆ ಕೊಂಬೆ ಗಟ್ಟಿ. ಎಲೆಗೆ ಮಿಕ್ಸಿಯಲ್ಲಿ ರುಬ್ಬಿದ ಸ್ಪಂಜು. ಅಡಿಕೆ ಮರಕ್ಕೆ ಹಿಡಿಸೂಡಿ ಕಡ್ಡಿ ಕಾಂಡ, ಕೋಳಿ ಪುಕ್ಕ ಕತ್ತರಿಸಿ ಸೋಗೆ. ಹದಿನೇಳು ಸೆಂಟಿಮೀಟರ್ ಇಟ್ಟರೆ ಅಸಲಿ ಹದಿನೈದು ಮೀಟರಿನ ಮರ. ಕೆಳಗಿನ ನಿಲ್ದಾಣದ ಮಂಗಳೂರು ಹೆಂಚಿಗೆ ಪಿಜ್ಜಾ ಪೆಟ್ಟಿಗೆಯ ರಟ್ಟಿನ ಮೇಲಿನ ಕಾಗದ ಸುಲಿದು ಒಳಗಿನ ಅಲೆ ಬಳಸಿದೆ. ಆ ಅಲೆ ಮೂರು ಮಿಲಿಮೀಟರಿನಷ್ಟಿದೆ, ಹೆಂಚಿನ ಲೆಕ್ಕಕ್ಕೆ ತೀರಾ ಹತ್ತಿರ. ಟಿವಿ, ಫ್ರಿಜ್ಜಿನ ಪೆಟ್ಟಿಗೆಯ ಅಲೆ ದೊಡ್ಡದು, ಇದಕ್ಕೆ ಆಗುವುದಿಲ್ಲ.

ಇನ್ನು ಎಂಜಿನ್. ದುಡ್ಡು ಹೋದದ್ದೇ ಇಲ್ಲಿ. ಒಟ್ಟು ಖರ್ಚು ಎಪ್ಪತ್ತು ಸಾವಿರದ ಆಸುಪಾಸು, ಅದರಲ್ಲಿ ಮೂರರಲ್ಲಿ ಎರಡು ಪಾಲು ಎರಡು ಎಂಜಿನ್‌ಗಳಿಗೆ. ಸುಂಕ, ಕೊರಿಯರ್ ಸೇರಿ ಹೊರದೇಶದ ಬೆಲೆಯ ಒಂದೂವರೆ ಪಟ್ಟು ದಾಟಿತು. ಎರಡೂ ಆರು ಆಕ್ಸಲ್‌ನ ಅಮೆರಿಕನ್ ಡೀಸೆಲ್ ಚಾಸಿ (ಚಕ್ರ, ಮೋಟಾರ್ ಇರುವ ತಳಭಾಗ), ಮೇಲೆ ನಾನೇ ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಿದ, ನಮ್ಮ ಗೂಡ್ಸ್ ಡೀಸೆಲ್ ಎಂಜಿನ್ ಡಬ್ಲ್ಯುಡಿಜಿ-3ಎಯ ಮೈ. ಗುಡ್ಡಗಳ ಖರ್ಚು ಎರಡು ಸಾವಿರ ಮುಟ್ಟಿಲ್ಲ.

ಪರೀಕ್ಷೆಗೆ ನಾನು ಮೂರೇ ಸಾಮಾನು ಇಡುತ್ತೇನೆ: ಅಡುಗೆಮನೆಯ ಡಿಜಿಟಲ್ ತಕ್ಕಡಿ, ಮಲ್ಟಿಮೀಟರ್, ಮೊಬೈಲಿನ ಸ್ಟಾಪ್‌ವಾಚ್. ತಕ್ಕಡಿಯ ಮೇಲೆ ಕಾಲು ಕಿಲೋ ಬಟ್ಟು ಇಟ್ಟು, ಅದಕ್ಕೆ ಕಟ್ಟಿದ ದಾರವನ್ನು ಹಲಗೆಯಂಚಿನ ಚಿಕ್ಕ ರಾಟೆಯ ಮೇಲಿಂದ ಎಂಜಿನ್‌ಗೆ ಬಿಗಿದು ಎಳೆಸುವುದು. ತೂಕ ಎಷ್ಟು ಇಳಿಯಿತೋ ಅಷ್ಟು ಎಳೆತ. ನಾನೂರು ಗ್ರಾಂ ಎಂಜಿನ್ ಎಪ್ಪತ್ತೈದರ ಹತ್ತಿರ ಎಳೆಯಿತು. ಸಮತಟ್ಟಿನಲ್ಲಿ ಇಪ್ಪತ್ತೈದು ವ್ಯಾಗನ್ ಸಲೀಸು, ನೇರ ಏರಿನಲ್ಲಿ ಹನ್ನೆರಡೋ ಹದಿಮೂರೋ, ಏರಿನ ಮೇಲೆ ತಿರುವೂ ಸೇರಿದಾಗ ಎಂಟೊಂಬತ್ತಕ್ಕೆ ಚಕ್ರ ಜಾರಿತು. ನೇರ ಹಳಿಯಲ್ಲಿ ಪರೀಕ್ಷೆ ಮಾಡಿ ಎಂಜಿನ್ ಬಲವಾಗಿದೆ ಎಂದು ಬೀಗುವವರು ಈ ಕೊನೆಯ ಲೆಕ್ಕ ನೋಡಬೇಕು. ಅಸಲಿ ರೈಲ್ವೆಯವರೂ ತಿರುವಿನಲ್ಲಿ ಏರನ್ನು ತುಸು ತಗ್ಗಿಸುವುದು ಇದೇ ಕಾರಣಕ್ಕೆ.

ಮಂಗಳೂರು ಬಂದರಿನ ಬಲೆ ಅಂಗಡಿಯಿಂದ ಗಾಳದ ಸೀಸದ ಗುಂಡು ತಂದು, ಚಪ್ಪಟೆ ಮಾಡಿ ಎಂಜಿನ್ ಒಳಗೆ ಅರುವತ್ತು ಗ್ರಾಂ ತುಂಬಿದೆ. ಇನ್ನೂ ಎರಡು ವ್ಯಾಗನ್ ಹೆಚ್ಚಿತು. ಅಲ್ಲಿಗೆ ನಿಲ್ಲಿಸಬೇಕು. ಎಂಜಿನ್ ಮುಂದೆ ಹೋಗದಂತೆ ಹಳಿಯ ಮೇಲೆಯೇ ಕೈಯಿಂದ ತಡೆದು ಪೂರ್ತಿ ವೋಲ್ಟ್ ಕೊಟ್ಟಾಗ ಚಕ್ರ ಜಾರುತ್ತಲೇ ಇರಬೇಕು, ಮೀಟರ್ ಅರ್ಧ ಆಂಪಿಯರ್ ಒಳಗಿರಬೇಕು. ಚಕ್ರ ಜಾರದೆ ಮೋಟಾರ್ ನಿಂತಿತೋ, ಭಾರ ಜಾಸ್ತಿಯಾಯಿತು ಎಂದರ್ಥ, ಸುರುಳಿ ಸುಡುತ್ತದೆ. ವೇಗಕ್ಕೆ ನನ್ನ ಅಳತೆ ಮೀಟರಿಗೆ ಹತ್ತೂವರೆ ಸೆಕೆಂಡ್. ಘಟ್ಟದ 30 ಕಿಲೋಮೀಟರ್ ವೇಗವನ್ನು 87ರಿಂದ ಭಾಗಿಸಿದರೆ ಅಷ್ಟೇ ಬರುತ್ತದೆ. ಆ ನಿಧಾನಕ್ಕೆ ಎಂಜಿನ್ ಮುಗ್ಗರಿಸದೆ ಓಡಿದರೆ ಮಾತ್ರ ಅದು ಪಾಸ್. ಮುಗ್ಗರಿಸಿದರೆ ಮೊದಲು ಹಳಿ ನೋಡಿ. ನಮ್ಮ ತೇವಕ್ಕೆ, ಹಳಿ ತುಂಡುಗಳನ್ನು ಜೋಡಿಸುವ ಜಾಯಿನರ್‌ಗಳನ್ನು ನಂಬುವಂತಿಲ್ಲ, ಪ್ರತಿ ತುಂಡಿಗೂ ವೈರ್ ಬೆಸುಗೆ ಹಾಕಿದ್ದೇನೆ.

ಬ್ಯಾಂಕರ್ ವಿಷಯ. ಎರಡು ಎಂಜಿನ್‌ಗಳನ್ನು ಕಾಲು ಗಂಟೆ ಬೆಚ್ಚಗೆ ಓಡಿಸಿ, ಒಂದಡಿ ಅಂತರದಲ್ಲಿ ಒಂದೇ ಹಳಿಯ ಮೇಲೆ ಬಿಟ್ಟರೆ ಯಾವುದು ಚುರುಕು ಎಂದು ತಾನಾಗಿ ತಿಳಿಯುತ್ತದೆ. ಹಿಂದಿನಿಂದ ತಳ್ಳುವುದು ಚುರುಕಾಗಿದ್ದರೆ ತಿರುವಿನಲ್ಲಿ ನಡುವಿನ ವ್ಯಾಗನ್ ಎದ್ದು ಹೊರಗೆ ಬೀಳುತ್ತದೆ, ಬೆಂಗಳೂರಿನವರು ಹೇಳಿದ್ದು ಇದನ್ನೇ. ಚುರುಕಿನದ್ದನ್ನು ಮುಂದೆ ಹಾಕಿದರೂ ನನ್ನ ಜೋಡಿಯಲ್ಲಿ ಅಂತರ ಜಾಸ್ತಿಯಿತ್ತು, ಹಿಂದಿನದು ಸುಮ್ಮನೆ ಎಳೆಸಿಕೊಳ್ಳುತ್ತಿತ್ತು. ಚುರುಕಿನದರ ಮೋಟಾರಿನ ಒಂದು ವೈರಿಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್‌ಗಳನ್ನು ಸರಣಿಯಲ್ಲಿ ಹಾಕಿದೆ, ಆಚೆಗೆ ಮುಖ ಮಾಡಿದ ಎರಡರ ಸಾಲು, ಅದಕ್ಕೆ ಸಮಾನಾಂತರವಾಗಿ ಈಚೆಗೆ ಮುಖ ಮಾಡಿದ ಎರಡರ ಸಾಲು. ಯಾವ ದಿಕ್ಕಿಗೆ ಓಡಿದರೂ ಒಂದೂ ಕಾಲು, ಒಂದೂವರೆ ವೋಲ್ಟ್ ನುಂಗಿಕೊಳ್ಳುತ್ತವೆ. ಖರ್ಚು ಹತ್ತು ರೂಪಾಯಿಯೊಳಗೆ. ಈಗ ಖಾಲಿ ಓಟದಲ್ಲಿ ಹಿಂದಿನದು ಕೂದಲೆಳೆಯಷ್ಟು ನಿಧಾನ. ಏರಿನಲ್ಲಿ ಭಾರ ಬಿದ್ದು ಮುಂದಿನದು ತಗ್ಗಿದಾಗ ಹಿಂದಿನದು ತಾನಾಗಿ ಹೆಗಲು ಕೊಡುತ್ತದೆ. ಡಿಸಿಸಿಯ ಡಿಕೋಡರ್ ಬೇಕಾಗಲಿಲ್ಲ. ವ್ಯಾಗನ್‌ಗಳನ್ನೆಲ್ಲ ವಾಷರ್ ತುಂಬಿ ಒಂದೇ ತೂಕಕ್ಕೆ, ನೂರಹತ್ತು ಗ್ರಾಂಗೆ ತಂದದ್ದೂ ಇದರಲ್ಲಿ ಅರ್ಧ ಪಾಲು. ವ್ಯಾಗನ್ ಜೋಡಿಸುವ ಕಪ್ಲರ್‌ಗೆ ಮಾಡಿದ ಒಂದು ಚಿಕ್ಕ ಬದಲಾವಣೆಯನ್ನು ಬಂದು ನೋಡಿದವರಿಗೆ ತೋರಿಸುತ್ತೇನೆ, ಬರಹದಲ್ಲಿ ಹೇಳಲು ಬರುವುದಿಲ್ಲ.

ಮಧ್ಯೆ ಇನ್ನೊಂದು ಪ್ರಯೋಗ ನಡೆಯುತ್ತಿದೆ. 1979ರಲ್ಲಿ ಈ ಘಟ್ಟ ತೆರೆದಾಗ ಮೀಟರ್‌ಗೇಜ್ ಅಲ್ಲವೇ. ಮೀಟರ್‌ಗೇಜ್ 87ಕ್ಕೆ ಇಳಿದರೆ 11.5 ಮಿಲಿಮೀಟರ್, ಟಿಟಿ (ಎಚ್‌ಓಗಿಂತ ಚಿಕ್ಕ ಮಾದರಿ ಅಳತೆ) ಹಳಿ 12. ಅರ್ಧ ಮಿಲಿಮೀಟರ್ ಯಾರಿಗೂ ಕಾಣುವುದಿಲ್ಲ. ಟಿಟಿ ಹಳಿಯ ಸ್ಲೀಪರ್ ಬಿಚ್ಚಿ, ಅಂತರ ಹೆಚ್ಚಿಸಿ ಒಂದು ಮೀಟರ್ ಹಾಕಿದ್ದೇನೆ, ಕಣ್ಣಿಗೆ ಬ್ರಾಡ್‌ಗೇಜ್‌ಗಿಂತ ಅಸಲಿಯಾಗಿದೆ. ಅದರ ಮೇಲೆ ಮೀಟರ್‌ಗೇಜ್ ಡೀಸೆಲ್ ಎಂಜಿನ್ ವೈಡಿಎಂ-4 ಓಡಿಸಬೇಕು. ಮೈ ಮುಗಿದಿದೆ, ಸರಿಹೊಂದುವ ಆರು ಆಕ್ಸಲ್ ಚಾಸಿ ಯಾರ ಹತ್ತಿರವಾದರೂ ಬಿದ್ದುಕೊಂಡಿದ್ದರೆ ತಿಳಿಸಿ, ಸರಿಯಾದ ಬೆಲೆ ಕೊಡುತ್ತೇನೆ. ಬದಲಿಗೆ ಹಾಳೆ ಬೇಕಿದ್ದರೂ ಆಗಬಹುದು, ಈ ಸಲ ಅಟ್ಟದ ಮೇಲೆ ಒಂದು ಕಟ್ಟು ಒಣಗಿಸಿ ಇಟ್ಟಿದ್ದೇನೆ.