ಕನ್ನಡದಲ್ಲಿ ರ‍್ಯಾಪ್ ಬರೆಯುವವರು ರೈಮ್‌ಸ್ಟರ್ ಕೇಳುವುದು ಹೇಗೆ

ಕುಮಟಾ, ಹೊನ್ನಾವರ ಕಡೆಯ ಹುಡುಗರು ತಾವು ಬರೆದ ರ‍್ಯಾಪ್ ಸಾಲು ತಂದು ತೋರಿಸುತ್ತಾರೆ. ಎಲ್ಲರದ್ದೂ ಒಂದೇ ತೊಡಕು: ಬಂದೆ, ನಿಂತೆ, ನೋಡಿದೆ, ಹಾಡಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ಪ್ರಾಸ ಸುಮ್ನೆ ಸಿಕ್ಕಿಬಿಡುತ್ತದೆ, ಸಾಲು ಸಪ್ಪೆಯಾಗುತ್ತದೆ. ಜಪಾನಿ ಭಾಷೆಗೂ ಇದೇ ಪಾಡು. ಅಲ್ಲಿನ ರ‍್ಯಾಪರ್‌ಗಳು ಇದನ್ನು ಹೇಗೆ ದಾಟಿದರು ಅಂತ ತಿಳಿಯಬೇಕಾದರೆ ಜಪಾನಿನ ರ‍್ಯಾಪ್ ತಂಡ ರೈಮ್‌ಸ್ಟರ್ ಕೇಳಿ.

ಈ ತಂಡ ಹುಟ್ಟಿದ್ದು 1989ರಲ್ಲಿ, ಟೋಕಿಯೊದ ವಾಸೆಡಾ ವಿಶ್ವವಿದ್ಯಾಲಯದಲ್ಲಿ. ಉತಾಮಾರು ಮತ್ತು ಮಮ್ಮಿ-ಡಿ ಹಾಡುವವರು, ಡಿಜೆ ಜಿನ್ ಆಮೇಲೆ ಸೇರಿದವರು. ಮೊದಲ ಆಲ್ಬಮ್ 1993ರದ್ದು. ಆದರೆ ಅಲ್ಲಿಂದ ಶುರು ಮಾಡಬೇಡಿ. 1998ರ 'ಬಿ-ಬಾಯ್ ಇಝಂ' ಹಾಡು ಮೊದಲು ಹಾಕಿ, ನಂತರ 1999ರ 'ರೆಸ್ಪೆಕ್ಟ್' ಆಲ್ಬಮ್ ಪೂರ್ತಿ ಕೇಳಿ. ಕೆಲಸಕ್ಕೆ ಶಿರಸಿಗೆ ಹೋಗುವ ಬಸ್ಸಿನಲ್ಲೇ ನಾನು ಕೇಳುವುದು. ದೇವಿಮನೆ ಘಾಟಿನಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ, ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಮೊದಲ ಸಲ ಅರ್ಥ ಹುಡುಕಬೇಡಿ. ತೊಡೆಯ ಮೇಲೆ ತಾಳ ಹಾಕುತ್ತಾ, ಸಾಲು ಎಲ್ಲಿ ಮುಗಿಯುತ್ತದೆ ಅಂತಷ್ಟೇ ಗಮನಿಸಿ. ಎರಡನೇ ಸಲ ಆ ಕೊನೆಯ ಪದಗಳ ಸ್ವರಗಳನ್ನು ಮಾತ್ರ ಬರೆದುಕೊಳ್ಳಿ. ಗುಟ್ಟು ಇರುವುದೇ ಇಲ್ಲಿ. ಜಪಾನಿ ರ‍್ಯಾಪರ್‌ಗಳು ಎಷ್ಟೋ ಸಲ ಕ್ರಿಯಾಪದವನ್ನು ಸಾಲಿನ ನಡುವೆಯೇ ಮುಗಿಸಿ, ಸಾಲನ್ನು ನಾಮಪದದಲ್ಲಿ ನಿಲ್ಲಿಸುತ್ತಾರೆ. ವ್ಯಂಜನ ಬೇರೆಯಾದರೂ ಸ್ವರಗಳ ಸಾಲನ್ನು ಕೂಡಿಸುತ್ತಾರೆ. ನಮ್ಮಲ್ಲೂ ಆಗುತ್ತದೆ. 'ದೋಣಿ ಸಾಲು', 'ಕೋಟಿ ಮಾತು' ಜೋರಾಗಿ ಹೇಳಿ ನೋಡಿ. ಓ-ಇ-ಆ-ಉ. ಒಂದು ವ್ಯಂಜನವೂ ಹೊಂದುವುದಿಲ್ಲ, ಆದರೂ ಕಿವಿಗೆ ಪ್ರಾಸ ಬಡಿಯುತ್ತದೆ, ಅಲ್ವಾ?

ಇನ್ನು ಇಬ್ಬರ ದನಿ ಬೇರೆ ಮಾಡಿ ಕೇಳಿ. ಉತಾಮಾರು ವಾದ ಹೂಡುವವರು, ಮಮ್ಮಿ-ಡಿ ಲಯದ ಮೇಲೆ ತೇಲುವವರು. ತಾಳಮದ್ದಳೆಯ ಇಬ್ಬರು ಒಳ್ಳೆಯ ಅರ್ಥಧಾರಿಗಳ ಹಾಗೆ, ಒಬ್ಬರು ಬಿಟ್ಟ ಎಳೆಯನ್ನು ಇನ್ನೊಬ್ಬರು ಹಿಡಿಯುತ್ತಾರೆ.

2007ರಲ್ಲಿ ಟೋಕಿಯೊದ ದೊಡ್ಡ ಸಭಾಂಗಣ ಬುಡೋಕಾನ್‌ನಲ್ಲಿ ಹಾಡಿ ತಂಡ ಬಿಡುವು ತೆಗೆದುಕೊಂಡಿತು. ಅದೇ ವರ್ಷ ಉತಾಮಾರು ರೇಡಿಯೊ ಕಾರ್ಯಕ್ರಮ ಶುರು ಮಾಡಿದರು, ಅದರಲ್ಲಿ ಅವರು ಮಾಡಿದ ಸಿನಿಮಾ ವಿಮರ್ಶೆಗೆ ದೊಡ್ಡ ಹೆಸರು ಬಂತು. 2009ರಲ್ಲಿ 'ವನ್ಸ್ ಅಗೇನ್' ಹಾಡಿನೊಂದಿಗೆ ಮತ್ತೆ ಬಂದರು. ನನಗೆ ಇವರ ಹಾಡುಗಳಲ್ಲೆಲ್ಲ ಜಾಸ್ತಿ ಇಷ್ಟವಾದದ್ದು ಇದೇ. ಇದರ ಬೆನ್ನಿಗೇ 2010ರ 'ಮ್ಯಾನಿಫೆಸ್ಟೊ', ಆಮೇಲೆ 2023ರ 'ಓಪನ್ ದ ವಿಂಡೋ' ಆಲ್ಬಮ್‌ಗಳನ್ನು ಕೇಳಿ. 2024ರಲ್ಲಿ ಅವರು ಮತ್ತೆ ಬುಡೋಕಾನ್ ವೇದಿಕೆ ಹತ್ತಿದರು. 1993ರ ಆಲ್ಬಮ್ ಕೊನೆಗೆ ಕೇಳಿ. ಎಲ್ಲಿಂದ ಎಲ್ಲಿಗೆ ಬಂದರು ಅನ್ನುವುದು ಆಗಲೇ ಕಿವಿಗೆ ಗೊತ್ತಾಗುವುದು.

ಇಷ್ಟಾದ ಮೇಲೆ ನಾಲ್ಕು ಸಾಲು ಬರೆಯಿರಿ. ಯಾವ ಸಾಲೂ ಕ್ರಿಯಾಪದದಲ್ಲಿ ಮುಗಿಯಬಾರದು. ಐದನೆಯದನ್ನು ಗೆಳೆಯನ ಹತ್ತಿರ ಬರೆಸಿ.